ಹಿಂಜುವ ಬಿಲ್ಲು

ಜೆ.ಪಿ. ನಗರದ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ನಾನದನ್ನು ಬೇಟೆಯ ಬಿಲ್ಲೆಂದು ಕೊಂಡಿದ್ದೆ. 'ಹಿಡಿ ಮುಟ್ಟಿ ನೋಡಿ ಸಾರ್, ಗಾಜಿನ ಹಾಗಿದೆ' ಅಂದಿದ್ದ ಅಂಗಡಿಯವನು. ಆ ನುಣುಪಿಗೇ ನಾನು ಸೋತದ್ದು. ಚೌಕಾಸಿ ಮಾಡಲಿಲ್ಲ. ಮನೆಗೆ ಬಂದವರಿಗೆಲ್ಲ ಬೇಟೆಯ ಕಥೆ ಹೇಳಿದ್ದೂ ಆಯಿತು.

ಗೋಡೆಗೆ ಬಣ್ಣ ಹೊಡೆಯಲು ಬಂದವರು ಚಳ್ಳಕೆರೆ ಕಡೆಯವರು. ಬಿಲ್ಲನ್ನು ಇಳಿಸಿದವರೇ ಸರಿಯಾಗಿ ಆ ನುಣುಪು ಜಾಗಕ್ಕೆ ಎಡಗೈ ಕೊಟ್ಟು, ಇಲ್ಲದ ಹುರಿಯನ್ನು ಬಲಗೈಯಿಂದ ಮಿಡಿದರು. 'ಉಣ್ಣೆ ಹಿಂಜೋದು ಸಾರ್ ಇದು. ನಮ್ಮಜ್ಜಂದೂ ಇತ್ತು.' ಕುರಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುವುದು, ಗಂಟುಗಟ್ಟಿದ ಕರಿ ಉಣ್ಣೆ ಹುರಿಯ ಏಟಿಗೆ ಬಿಡಿಬಿಡಿಯಾಗಿ ಹಾರುವುದು, ಹೆಂಗಸರು ನೂಲುವುದು, ಹುಣಸೆಬೀಜದ ಗಂಜಿ ಸವರಿ ಹಾಸುನೂಲನ್ನು ಗಟ್ಟಿ ಮಾಡುವುದು, ಆಮೇಲೆ ಕುಣಿಮಗ್ಗ. ಎಲ್ಲವನ್ನೂ ಬ್ರಷ್ ಅದ್ದುತ್ತಲೇ ಹೇಳಿದರು. ಅಜ್ಜನ ಕೆಮ್ಮನ್ನೂ ಹೇಳಿದರು. ಹಿಂಜುವವನ ಸುತ್ತ ಇಡೀ ದಿನ ಧೂಳೇ ಅಂತೆ.

ಅಂದಿನಿಂದ ಆ ನುಣುಪು ನನ್ನನ್ನು ಕಾಡುತ್ತಿದೆ. ಅದು ಬಡಗಿ ಕೊಟ್ಟದ್ದಲ್ಲ. ಅಂಗೈಯ ಬೆವರು ಮತ್ತು ಉಣ್ಣೆಯ ಜಿಡ್ಡು ಎಷ್ಟೋ ವರ್ಷ ಸೇರಿ ಆದದ್ದು. ದುಡಿದವನ ಲೆಕ್ಕದಲ್ಲಿ ಸವೆತವೆಂದರೆ ಹತ್ಯಾರು ಹಳತಾಯಿತು, ಇನ್ನೊಂದು ಮಾಡಿಸಬೇಕು ಎಂದರ್ಥ. ನನ್ನ ಲೆಕ್ಕದಲ್ಲಿ ಅದೇ ಬೆಲೆ. ಆ ಸವೆತದ ಕೂಲಿ ಯಾರಿಗೆ ಸೇರಬೇಕಿತ್ತು? ಹಾಗಂತ ಬಿಲ್ಲು ಬಳಕೆಯಲ್ಲೇ ಉಳಿಯಬೇಕಿತ್ತು ಎನ್ನಲು ನನಗೆ ಬಾಯಿಲ್ಲ. ಇದೇ ಬೆಂಗಳೂರಿನಲ್ಲಿ 1884ರಲ್ಲಿ ಶುರುವಾಗಿ ಬಿನ್ನಿ ಮಿಲ್ಲೆಂದು ಹೆಸರಾದಂಥ ಗಿರಣಿಗಳು ಒಬ್ಬನ ಅನ್ನ ಕಸಿದಿರಬಹುದು, ಇನ್ನೊಬ್ಬನ ಎದೆಗೂಡನ್ನು ಉಳಿಸಿರಲೂಬಹುದು (ಗಿರಣಿಯೊಳಗೂ ಧೂಳಿತ್ತು, ಅದು ಬೇರೆ ಮಾತು). ಹತ್ಯಾರು ಹೋಯಿತೆಂದು ಮರುಗುವುದು ಅದನ್ನು ಹಿಡಿಯದವರಿಗೆ ಸುಲಭ.

ನನಗೆ ಚುಚ್ಚುವುದು ಇನ್ನೊಂದು. ಅದೇ ಚಳಿಗಾಲದಲ್ಲಿ ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಹೆಗಲ ಮೇಲೆ ಕರಿಕಂಬಳಿ ಹೊತ್ತು ಮಾರುತ್ತಿದ್ದ ಮುದುಕರ ಜೊತೆ ನೂರು ರೂಪಾಯಿಗಾಗಿ ಹತ್ತು ನಿಮಿಷ ಜಗ್ಗಾಡಿ, ಕೊನೆಗೆ 'ಚುಚ್ಚುತ್ತದೆ' ಎಂದು ಬಿಟ್ಟು ಬಂದಿದ್ದೆ. ಕಂಬಳಿ ಬೇಡ, ಕಂಬಳಿಯ ಬಿಲ್ಲು ಬೇಕು! ಕೆಲಸ ಸತ್ತ ಮೇಲೆ ಹುಟ್ಟುವ ಈ ಗೌರವ ಎಂಥದ್ದು?

'ಎಷ್ಟು ಕೊಟ್ರಿ ಸಾರ್?' ಎಂದು ಅವರು ಕೇಳಿದರು. ನಾನು ಅರ್ಧ ಬೆಲೆ ಹೇಳಿದೆ. ಅದಕ್ಕೇ ಅವರ ಬ್ರಷ್ ನಿಂತಿತು.

ಬೇಕಿದ್ದರೆ ಒಯ್ಯಿರಿ ಎಂದೆ. ನಕ್ಕರು. 'ಒಯ್ದು ಏನ್ ಮಾಡ್ಲಿ? ಈಗ ಕುರಿ ಸಾಕೋದೆಲ್ಲ ಮಾಂಸಕ್ಕೆ. ಉಣ್ಣೆ ಯಾರಿಗೆ ಬೇಕು?' ಬಣ್ಣ ಒಣಗಿದ ಮೇಲೆ ಅವರೇ ಮೊಳೆ ಹೊಡೆದು ಬಿಲ್ಲನ್ನು ತೂಗುಹಾಕಿ ಹೋದರು. ಬೆಲೆಯ ಸುಳ್ಳನ್ನು ನಾನು ತಿದ್ದಲಿಲ್ಲ.