ಬೆಲೆಯೂ ಯೋಗ್ಯತೆಯೂ

ಅಲ್ಪ ಬೆಲೆಯ ವಸ್ತುವನ್ನು ಕೊಳ್ಳುವವನನ್ನು ಕೆಲವರು ಮಿತವ್ಯಯಿಯೆಂದು ಹೊಗಳುವರು. ಕೆಲವರು ಕೃಪಣನೆಂದು ಜರೆಯುವರು. ಇವೆರಡರಲ್ಲಿ ಯಾವ ಹೆಸರು ಯಾರಿಗೆ ಸಲ್ಲತಕ್ಕುದೆಂಬುದನ್ನು ನಿರ್ಣಯಿಸುವ ಬಗೆ ಹೇಗೆ? ಇಂದು ಮನೆಮನೆಯಲ್ಲಿಯೂ ಟಿ.ವಿ.ಯ ಹಿಂಬದಿಯಲ್ಲಿ ತೂಗುತ್ತಿರುವ ಕೇಬಲ್ಲನ್ನೇ ನಿದರ್ಶನವಾಗಿಟ್ಟುಕೊಂಡು ವಿಚಾರಿಸೋಣ.

ಚಿತ್ರವನ್ನೂ ಧ್ವನಿಯನ್ನೂ ಒಂದೇ ಕೇಬಲ್ಲಿನಲ್ಲಿ ಸಾಗಿಸುವ ಎಚ್.ಡಿ.ಎಂ.ಐ. ಎಂಬ ಪದ್ಧತಿಯು 2002ನೆಯ ಇಸವಿಯ ಕೊನೆಯಲ್ಲಿ ಪ್ರಕಟವಾಯಿತು. ಅದಕ್ಕೆ ಮೊದಲು ಹಳದಿ, ಬಿಳಿ, ಕೆಂಪು ತುದಿಗಳ ತಂತಿಗಳು ಬಹುವಾಗಿ ಬಳಕೆಯಲ್ಲಿದ್ದವು. ಅವುಗಳಲ್ಲಿ ಚಿತ್ರವು ವಿದ್ಯುತ್ತಿನ ಏರಿಳಿತವಾಗಿ ಹರಿಯುತ್ತಿದ್ದುದರಿಂದ, ತಂತಿಯ ದೋಷವು ಚಿತ್ರಕ್ಕೂ ಅಂಟುತ್ತಿತ್ತು. ಹೊಸ ಪದ್ಧತಿಯಲ್ಲಿ ಸಾಗುವುವು ಸೊನ್ನೆ, ಒಂದು ಎಂಬ ಎರಡೇ ಅಂಕೆಗಳು. ಅವು ತಪ್ಪಿಲ್ಲದೆ ತಲುಪಿದವಾದರೆ, ಅಗ್ಗದ ಕೇಬಲ್ಲಿನ ಚಿತ್ರಕ್ಕೂ ಹತ್ತು ಪಟ್ಟು ಬೆಲೆಯದರ ಚಿತ್ರಕ್ಕೂ ಎಳ್ಳಷ್ಟೂ ಭೇದವಿಲ್ಲ. ತಪ್ಪಿದರೆ ತೆರೆಯ ಮೇಲೆ ಚುಕ್ಕೆಗಳು ಮಿನುಗುವುವು, ಇಲ್ಲವೆ ಚಿತ್ರವೇ ಮಾಯವಾಗುವುದು. ದೋಷಕ್ಕೆ ಪ್ರತ್ಯಕ್ಷವೇ ಪ್ರಮಾಣ. ಓಲೆಯನ್ನು ತಂದವನು ಪೀತಾಂಬರವನ್ನುಟ್ಟಿದ್ದರೂ ಹತ್ತಿಯ ಪಂಚೆಯನ್ನುಟ್ಟಿದ್ದರೂ ಓಲೆಯೊಳಗಿನ ಅಕ್ಷರವು ಬದಲಾಗದಷ್ಟೆ. ತುದಿಗೆ ಬಳಿದ ಚಿನ್ನದ ಲೇಪವು ಕಿಲುಬನ್ನು ತಡೆಯಬಲ್ಲುದು. ಬಣ್ಣಗಳಿಗೆ ಮೆರುಗನ್ನು ಕೊಡಲಾರದು.

ಸ್ವಿಚ್ಚಿನ ಮಾತೂ ಹೀಗೆಯೇ. ಸೆಟ್ ಟಾಪ್ ಬಾಕ್ಸು, ಮಕ್ಕಳ ಆಟದ ಯಂತ್ರ, ಹಳೆಯ ಡಿ.ವಿ.ಡಿ. ಪ್ಲೇಯರು ಇವು ಮೂರಿದ್ದು, ಟಿ.ವಿ.ಯಲ್ಲಿ ಒಂದೇ ಕಿಂಡಿ ಉಳಿದಿದ್ದರೆ, ಮೂರರಲ್ಲಿ ಬೇಕಾದುದನ್ನು ಆರಿಸಿಕೊಡುವ ಪುಟ್ಟ ಪೆಟ್ಟಿಗೆಯೊಂದು ಸಾಕು. ಅದಕ್ಕಾಗಿ ಹೊಸ ಟಿ.ವಿ.ಯನ್ನು ತರಬೇಕಾಗಿಲ್ಲ.

ಹಾಗಾದರೆ ಎಲ್ಲೆಡೆಯೂ ಅಗ್ಗವೇ ಶ್ರೇಯಸ್ಕರವೋ ಎಂದು ಪೂರ್ವಪಕ್ಷಿಯು ಕೇಳಬಹುದು. ಹಾಗಲ್ಲ. ಹೊರೆ ಹೆಚ್ಚಿದಲ್ಲಿ ಹೊರುವವನ ಬಲವೂ ಹೆಚ್ಚಬೇಕು. 2013ರಲ್ಲಿ ಬಂದ 2.0 ಎಂಬ ಪಾಠದಲ್ಲಿ ಸೆಕೆಂಡಿಗೆ 18 ಗಿಗಾಬಿಟ್‌ವರೆಗೂ, 2017ರ 2.1ರಲ್ಲಿ 48 ಗಿಗಾಬಿಟ್‌ವರೆಗೂ ಅಂಕೆಗಳು ಸಾಗುವುವು. ಕೇಬಲ್ಲು ಉದ್ದವಾದಷ್ಟೂ ಸಂಕೇತವು ಕ್ಷೀಣಿಸುವುದು. ಇಂತಹ ಕಡೆ ಪರೀಕ್ಷೆಯಲ್ಲಿ ಗೆದ್ದ ಮುದ್ರೆಯುಳ್ಳ ಕೇಬಲ್ಲೇ ಬೇಕು. ನಡುವೆ ಇಡುವ ಸ್ವಿಚ್ಚಿಗೂ ಅಷ್ಟೇ ಸಾಮರ್ಥ್ಯವಿರಬೇಕು. ಸ್ವಿಚ್ಚಿಗೆ ವಿದ್ಯುತ್ತನ್ನು ಕೊಡುವ ಅಡಾಪ್ಟರಿನಲ್ಲಿಯಂತೂ ಉಳಿತಾಯವು ಸಲ್ಲದು. ಅದು ಕೆಟ್ಟರೆ ಹೋಗುವುದು ಚಿತ್ರ ಮಾತ್ರವಲ್ಲ. ಮನೆಯವರ ಪ್ರಾಣಕ್ಕೂ ಸಂಚಕಾರ ಬರಬಹುದು.

ಆದುದರಿಂದ ಸಿದ್ಧಾಂತವಿದು: ಪ್ರಯೋಜನವು ಬೇಡುವುದನ್ನೂ ಕೊಡದವನು ಕೃಪಣ, ಪ್ರಯೋಜನವು ಬೇಡದುದನ್ನು ಮಾತ್ರ ಕೊಡದವನು ಮಿತವ್ಯಯಿ. ಇಬ್ಬರೂ ಒಂದೇ ಅಂಗಡಿಯಲ್ಲಿ ಒಂದೇ ಕೇಬಲ್ಲನ್ನು ಕೊಂಡಿರಬಹುದು. ಭೇದವಿರುವುದು ಬೆಲೆಯಲ್ಲಲ್ಲ, ವಿವೇಕದಲ್ಲಿ.

ಇನ್ನು ಮಾರುವವನ ಧರ್ಮದ ವಿಚಾರ. ಕೊಳ್ಳುವವನು ಒಪ್ಪಿ ಕೊಟ್ಟ ಹಣದಲ್ಲಿ ಅಧರ್ಮವೆಲ್ಲಿ ಬಂತು ಎಂದು ಹೇಳುವವರುಂಟು. ಅಂದಕ್ಕಾಗಿ ಚಿನ್ನದ ತುದಿಯನ್ನು ಬಯಸಿದವನಿಗೆ ಅದನ್ನು ಕೊಡುವುದರಲ್ಲಿ ದೋಷವಿಲ್ಲ. ಆದರೆ, ಅಗ್ಗದ್ದನ್ನು ಹಾಕಿದರೆ ಚಿತ್ರ ಮಂಕಾಗುವುದೆಂದು ಹೆದರಿಸಿ, ಪಿಂಚಣಿಯ ಹಣದಲ್ಲಿ ಬದುಕುವವನಿಂದ ಹತ್ತರಷ್ಟನ್ನು ಕೀಳುವುದು ಬೇರೆಯ ಮಾತು. ತಾನೇ ಬಿತ್ತಿದ ಅಜ್ಞಾನದಿಂದ ಬೆಳೆದ ಸಮ್ಮತಿಯು ಸಮ್ಮತಿಯೆನಿಸದು. ತೂಕದಲ್ಲಿ ಮೋಸ ಮಾಡಿದವನನ್ನು ನಾವು ಕಳ್ಳನೆನ್ನುವೆವಷ್ಟೆ. ತಿಳಿವಳಿಕೆಯಲ್ಲಿ ಮೋಸ ಮಾಡಿದವನನ್ನು ಜಾಣನೆಂದು ಹೊಗಳುವುದು ಯಾವ ನ್ಯಾಯ?

ವಾಚಕರಲ್ಲಿ ಈ ವಿಷಯವನ್ನು ಬಲ್ಲವರಿಗೂ ಇಲ್ಲೊಂದು ಕರ್ತವ್ಯವುಂಟು. ನೆರೆಮನೆಯ ಹಿರಿಯರು ಇಂತಹ ವಸ್ತುವನ್ನು ಕೊಳ್ಳಹೊರಟಾಗ, ಕೇಳುವವರೆಗೆ ಕಾಯದೆ, ಇಷ್ಟು ಸಾಕೆಂದು ಮೆಲ್ಲಗೆ ತಿಳಿಸಬೇಕು. ವಿದ್ಯೆಯನ್ನು ಬಚ್ಚಿಟ್ಟುಕೊಳ್ಳುವುದೂ ಕಾರ್ಪಣ್ಯವೇ ಸರಿ.