ಅಟ್ಟ ಮೇಲೆ ಉರಿದ ಒಲೆ

‘ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.’ ಈ ಗಾದೆಯನ್ನು ನಾವು ಬಳಸುವುದು ಬಹುತೇಕ ಇನ್ನೊಬ್ಬರನ್ನು ಚುಚ್ಚಲಿಕ್ಕೆ. ಅದರ ಮೊದಲ ಅರ್ಧವನ್ನು ಯಾರೂ ನಿಂತು ನೋಡುವುದಿಲ್ಲ. ಕುಂದಗೋಳದ ಕಡೆ ಹತ್ತಿಕಟ್ಟಿಗೆಯಿಂದ ಒಲೆ ಹೊತ್ತಿಸಿದವರಿಗೆ ಆ ಅರ್ಧದ ನಿಜ ಗೊತ್ತು. ಹಸಿ ಕಟ್ಟಿಗೆ ಮೊದಲು ಬರೀ ಹೊಗೆಯಾಡುತ್ತದೆ. ಊದಿ ಊದಿ ಕಣ್ಣು ಕೆಂಪಾಗುತ್ತವೆ. ಸಾರು ಇಳಿಸುವ ಹೊತ್ತಿಗೆ ಹಸಿ ಆರಿ ಉರಿ ಭಗ್ಗನೆ ಏಳುತ್ತದೆ. ಜಾಣೆಯಾದವಳು ಆ ಉರಿಯನ್ನು ಬೈಯುತ್ತ ಕೂಡುವುದಿಲ್ಲ, ಸ್ನಾನದ ನೀರಿನ ಹಂಡೆ ಏರಿಸುತ್ತಾಳೆ. ಗಾದೆ ಹಂಡೆಯ ಸುದ್ದಿಯನ್ನೇ ಎತ್ತಿಲ್ಲ.

ಗಾದೆಯ ಎರಡನೆಯ ಅರ್ಧಕ್ಕೆ ಬಂದರೆ, ಆಟ ಮುಗಿದ ಮೇಲೆ ಟಿ.ವಿ.ಯಲ್ಲಿ ಬುದ್ಧಿ ಹೇಳುವುದು ಈಗ ಸಂಬಳದ ಕೆಲಸ. ನಮ್ಮಲ್ಲಿ ಅದು ಬಿಟ್ಟಿಯಾಗಿ ಮೊದಲಿನಿಂದಲೂ ನಡೆದಿದೆ. ಕುಂದಗೋಳದ ನಾಡಗೇರ ವಾಡೆಯಲ್ಲಿ ರಾತ್ರಿಯೆಲ್ಲ ಸಂಗೀತ ಕೇಳಿದವರು ಬೆಳಗಿನ ಚಹಾದೊಂದಿಗೆ ಗಾಯಕರ ತಾನುಗಳನ್ನು ತಿದ್ದುತ್ತಾರಲ್ಲ, ಹಾಗೆ!

ಸಂಬಳಕ್ಕೆ ಬುದ್ಧಿ ಹೇಳುವವರಲ್ಲಿ ಒಬ್ಬರಾದ ಗ್ಯಾರಿ ನೆವಿಲ್ ಇಂಗ್ಲೆಂಡಿನ ಕಾಲ್ಚೆಂಡು ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್‌ನ ಬಲಬದಿಯ ಡಿಫೆಂಡರ್ ಆಗಿದ್ದವರು. ಆ ಒಂದೇ ಕ್ಲಬ್ಬಿಗೆ 602 ಪಂದ್ಯ ಆಡಿ 2011ರಲ್ಲಿ ನಿವೃತ್ತರಾಗಿ ಟಿ.ವಿ. ವಿಶ್ಲೇಷಕರಾದರು. ಯಾವ ಡಿಫೆಂಡರ್ ಎರಡು ಹೆಜ್ಜೆ ತಪ್ಪಿ ನಿಂತಿದ್ದ ಎಂದು ಪರದೆಯ ಮೇಲೆ ಗೆರೆ ಎಳೆದು ತೋರಿಸುವುದರಲ್ಲಿ ಅವರಿಗೆ ಸಾಟಿ ಕಡಿಮೆ. 2015ರ ಡಿಸೆಂಬರ್‌ನಲ್ಲಿ ಸ್ಪೇನಿನ ವಲೆನ್ಸಿಯಾ ತಂಡ ಅವರನ್ನೇ ಕೋಚ್ ಮಾಡಿತು. ಫೆಬ್ರವರಿಯಲ್ಲಿ ಬಾರ್ಸಿಲೋನಾ ಎದುರು 7–0 ಸೋಲು. ಮಾರ್ಚ್ ಮುಗಿಯುವುದರೊಳಗೆ ಕೆಲಸವೂ ಹೋಯಿತು. ನೋಡಿದ ಕೆಲವರು ನಕ್ಕರು. ನನಗೇನೋ ನಗು ಬರಲಿಲ್ಲ. ಹಂಡೆ ಏರಿಸಲು ಹೋಗಿ ಕೈ ಸುಟ್ಟುಕೊಂಡವರು ಅವರು. ನಕ್ಕವರು ಒಲೆಯ ಹತ್ತಿರವೂ ಸುಳಿದಿರಲಿಲ್ಲ.

ನಮ್ಮ ಕಡೆ ಇಂಥ ದಾರಿ ನಡೆದವರನ್ನು ಹುಡುಕಿದರೆ ಕಾಲ್ಚೆಂಡಿಗಿಂತ ಕ್ರಿಕೆಟ್ಟಿನಲ್ಲಿ ಸಿಗುತ್ತಾರೆ. ರಾಹುಲ್ ದ್ರಾವಿಡ್ ಅವರ ಹೆಸರೇ ‘ಗೋಡೆ’. ಟೆಸ್ಟ್‌ಗಳಲ್ಲಿ 31,258 ಎಸೆತ ಎದುರಿಸಿದ ಅವರಷ್ಟು ಕಾವಲು ಕಾದವರು ಇನ್ನೊಬ್ಬರಿಲ್ಲ. ವೆಸ್ಟ್ ಇಂಡೀಸ್‌ನಲ್ಲಿ ನಡೆದ 2007ರ ವಿಶ್ವಕಪ್‌ನಲ್ಲಿ ಅವರ ನಾಯಕತ್ವದ ತಂಡ ಬಾಂಗ್ಲಾದೇಶಕ್ಕೂ ಶ್ರೀಲಂಕಾಕ್ಕೂ ಸೋತು ಮೊದಲ ಸುತ್ತಿನಲ್ಲೇ ಮನೆಗೆ ಬಂತು. ನಿವೃತ್ತಿಯ ನಂತರ ಕೆಲಕಾಲ ವೀಕ್ಷಕ ವಿವರಣೆ ಮಾಡಿ, 2015ರಲ್ಲಿ ಭಾರತ ‘ಎ’ ಮತ್ತು 19 ವರ್ಷದೊಳಗಿನವರ ತಂಡಗಳ ಕೋಚ್ ಆದರು. 2024ರಲ್ಲಿ ಅದೇ ವೆಸ್ಟ್ ಇಂಡೀಸ್‌ನಲ್ಲಿ ಟಿ–20 ವಿಶ್ವಕಪ್ ಗೆದ್ದಾಗ ಭಾರತದ ಕೋಚ್ ಅವರೇ. ಆದರೆ ನನಗೆ ಕಪ್ಪಿಗಿಂತ ದೊಡ್ಡದೆನಿಸುವುದು ಬೇರೆ. ಚಿಕ್ಕವಯಸ್ಸಿನಲ್ಲಿ ‘ಎ’ ತಂಡದ ಜೊತೆ ಪ್ರವಾಸ ಹೋಗಿ, ಆಡುವ ಅವಕಾಶ ಸಿಗದೆ ವಾಪಸಾದ ಸಂಕಟವನ್ನು ಅವರೇ ಹೇಳಿಕೊಂಡಿದ್ದಾರೆ. ಅದಕ್ಕೇ ತಾವು ಕೋಚ್ ಆದಾಗ, ಪ್ರವಾಸಕ್ಕೆ ಬಂದ ಪ್ರತಿ ಹುಡುಗನಿಗೂ ಪಂದ್ಯ ಸಿಗುವಂತೆ ನೋಡಿಕೊಂಡರು. ತಡವಾಗಿ ಎದ್ದ ಉರಿಯ ಮೇಲೆ ಇನ್ನೊಬ್ಬರ ನೀರು ಕಾದದ್ದು ಹೀಗೆ.

ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ತಂಡ ಒಯ್ಯುವ ನಮ್ಮ ಪಿ.ಟಿ. ಮಾಸ್ತರರಲ್ಲಿ ಒಂದೇ ವಿನಂತಿ: ಡ್ರೆಸ್ ಹಾಕಿಸಿಕೊಂಡು ಹೋಗಿ ದಿನವಿಡೀ ಗೆರೆಯಾಚೆ ಕೂಡಿಸುವ ಆ ಹುಡುಗನನ್ನು ಈ ಸಲ ಒಮ್ಮೆಯಾದರೂ ಆಟಕ್ಕೆ ಇಳಿಸಿ.