ಅಪರೂಪವೆಂದು ಬಿಟ್ಟದ್ದು

2016ರ ಅಕ್ಟೋಬರ್‌ನಲ್ಲಿ ಲೀನಸ್ ಟೊರ್ವಾಲ್ಡ್ಸ್ ತಾವೇ ಹುಟ್ಟುಹಾಕಿದ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಒಂದು ಸಣ್ಣ ತಿದ್ದುಪಡಿ ಸೇರಿಸಿದರು. ಅದರ ಜೊತೆಗೆ ಅವರು ಬರೆದ ಟಿಪ್ಪಣಿಯನ್ನು ನಾನು ಆಗಾಗ ತೆಗೆದು ಓದುತ್ತೇನೆ. ಇದು ಬಹಳ ಹಳೆಯ ದೋಷ, ಹನ್ನೊಂದು ವರ್ಷದ ಹಿಂದೆ ನಾನೇ ಇದನ್ನು ಸರಿಮಾಡಲು ಹೋಗಿದ್ದೆ, ಸರಿಯಾಗಿ ಮಾಡಿರಲಿಲ್ಲ ಎಂಬ ಒಪ್ಪಿಗೆ ಅದರಲ್ಲಿದೆ.

ಆ ದೋಷದ ಹೆಸರು ಡರ್ಟಿ ಕೌ. 'ಕೌ' ಎಂಬುದು 'ಕಾಪಿ ಆನ್ ರೈಟ್' ಎಂಬುದರ ಮೊದಲಕ್ಷರಗಳು. ಪ್ರತಿಸಲವೂ ಡಿಸ್ಕ್‌ಗೆ ಹೋಗಿ ಓದಿದರೆ ತಡವಾಗುತ್ತದೆಂದು ಕರ್ನಲ್ ಕಡತದ ಪುಟಗಳನ್ನು ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಅದೇ ಪೇಜ್ ಕ್ಯಾಶ್. ಹತ್ತು ಪ್ರೋಗ್ರಾಂಗಳು ಒಂದೇ ಕಡತ ಕೇಳಿದರೆ ಹತ್ತಕ್ಕೂ ಅದೇ ಪುಟ. ಓದುವ ಹಕ್ಕಷ್ಟೇ ಇರುವವನು ಅದರ ಮೇಲೆ ಖಾಸಗಿಯಾಗಿ ಬರೆಯಹೊರಟರೆ ಕರ್ನಲ್ ಅವನಿಗೊಂದು ನಕಲು ಮಾಡಿಕೊಡುತ್ತದೆ: ಏನು ಗೀಚುವುದಿದ್ದರೂ ಇದರ ಮೇಲೆ ಗೀಚಿಕೋ, ಮೂಲವನ್ನು ಮುಟ್ಟಬೇಡ.

ನಕಲು ಮಾಡುವುದು ಒಂದು ಹೆಜ್ಜೆ, ಬರೆಯುವುದು ಇನ್ನೊಂದು. ನಡುವಿನ ಹೊತ್ತು ರೆಪ್ಪೆ ಬಡಿಯುವುದಕ್ಕಿಂತ ಎಷ್ಟೋ ಪಾಲು ಕಡಿಮೆ. ಅಷ್ಟರಲ್ಲಿ ಅದೇ ಪ್ರೋಗ್ರಾಮಿನ ಜೊತೆಜೊತೆಗೇ ಓಡುವ ಇನ್ನೊಂದು ಎಳೆ, ಅಂದರೆ ಥ್ರೆಡ್, 'ಈ ನಕಲು ಬೇಡ' ಎಂದು ಎಸೆದರೆ? ನಕಲು ಕೊಟ್ಟಾಗಿದೆ ಎಂದೇ ನಂಬಿರುವ ಕರ್ನಲ್ ಎರಡನೆಯ ಸಲ ಬರೆಯುವ ಹಕ್ಕನ್ನು ವಿಚಾರಿಸದೆ ಪುಟ ಹುಡುಕುತ್ತದೆ. ಕೈಗೆ ಸಿಗುವುದು ಮೂಲ. ಹೀಗೆ ಸಾಮಾನ್ಯ ಬಳಕೆದಾರನೊಬ್ಬ ಎಲ್ಲರ ಖಾತೆಗಳಿರುವ ಕಡತವನ್ನೇ ತಿದ್ದಿ ಇಡೀ ಯಂತ್ರಕ್ಕೆ ಒಡೆಯನಾಗಬಹುದಿತ್ತು. ಒಂದು ಯತ್ನಕ್ಕೆ ಆಗುವ ಕೆಲಸವಲ್ಲ ನಿಜ. ಆದರೆ ಯಂತ್ರಕ್ಕೆ ಬೇಸರವೆಂಬುದಿಲ್ಲ, ಲಕ್ಷ ಸಲ ಯತ್ನಿಸಲು ಹೆಚ್ಚು ಹೊತ್ತೂ ಬೇಡ.

2005ರ ಮೊದಲ ತಿದ್ದುಪಡಿ ಐಬಿಎಂನ ಎಸ್390 ಯಂತ್ರಗಳಲ್ಲಿ ತೊಂದರೆ ಕೊಟ್ಟಿತೆಂದು ಅದನ್ನು ಹಿಂತೆಗೆದರು. ಆಗ ಈ ಅಪಾಯ ಲೆಕ್ಕದಲ್ಲಷ್ಟೇ ಇತ್ತು. ಮುಂದೆ ಕರ್ನಲ್ಲಿನ ಬೇರೆ ಭಾಗಗಳು ಬದಲಾದವು. 2007ರಿಂದ ಬಂದ ಆವೃತ್ತಿಗಳಲ್ಲಿ, ಸರ್ವರ್‌ಗಳಿಂದ ಹಿಡಿದು ಆಂಡ್ರಾಯ್ಡ್ ಫೋನ್‌ವರೆಗೆ, ಬಾಗಿಲು ತೆರೆದೇ ಇತ್ತು. ಲಿನಕ್ಸ್ ಡೆವಲಪರ್ ಫಿಲ್ ಓಯೆಸ್ಟರ್ ತಮ್ಮ ಸರ್ವರ್ ಮೇಲೆ ನಡೆದ ದಾಳಿಯ ಜಾಡು ಹಿಡಿದಾಗ ಈ ದೋಷ ಸಿಕ್ಕಿತು.

ಹೀಗೆ ಕ್ಷಣದ ಅಂತರದಲ್ಲಿ ಅಡಗಿರುವ ದೋಷದ ಬೆನ್ನು ಹತ್ತಿದವರಿಗೆ ಅದರ ಕಾಟ ಗೊತ್ತು. ಎಲ್ಲಿ ತಪ್ಪುತ್ತಿದೆ ನೋಡೋಣವೆಂದು ಒಂದು ಪ್ರಿಂಟ್ ಸಾಲು ಸೇರಿಸಿದರೆ, ಅಷ್ಟು ತಡವಾದುದಕ್ಕೇ ಎಲ್ಲವೂ ಸರಿಯಾಗಿಬಿಡುತ್ತದೆ. ಸಾಲು ತೆಗೆದರೆ ಮತ್ತೆ ಹಾಜರು. ದಿನಗಟ್ಟಲೆ ಹೀಗೆ ಒದ್ದಾಡಿ, 'ಮರುಕಳಿಸಲಿಲ್ಲ' ಎಂದು ಬರೆದು ದೂರನ್ನು ಮುಚ್ಚಿದ್ದು ನನಗೂ ಉಂಟು. ಬರೆದದ್ದು ಸುಳ್ಳಾಗಿರಲಿಲ್ಲ. ಆದರೆ ದೂರು ಕೊಟ್ಟವರು ಅದನ್ನು ಕಣ್ಣಾರೆ ಕಂಡಿದ್ದರು. ನನಗೆ ಕಾಣದ್ದನ್ನು ನಾನು ಇಲ್ಲವೆಂದೇ ಎಣಿಸಿದೆ, ಅವರ ಮಾತಿಗೆ ನನ್ನ ದಣಿವಿನಷ್ಟು ಬೆಲೆಯನ್ನೂ ಕೊಡಲಿಲ್ಲ. ಆ ನೆನಪು ಈಗಲೂ ಚುಚ್ಚುತ್ತದೆ. 'ಎಲ್ಲೋ ಲಕ್ಷಕ್ಕೊಂದು' ಎನ್ನುವಾಗ ಆ ಒಂದು ಯಾರ ಪಾಲಿಗೆ ಬೀಳುತ್ತದೆಂದು ಕೇಳಿಕೊಳ್ಳುವ ಅಭ್ಯಾಸ ನಮಗಿಲ್ಲ.

ಟೊರ್ವಾಲ್ಡ್ಸ್ ತಮ್ಮ ಹಳೆಯ ಸೋಲನ್ನು ಬರೆಯದಿದ್ದರೂ ತಿದ್ದುಪಡಿ ಕೆಲಸ ಮಾಡುತ್ತಿತ್ತು. ಅದನ್ನು ಬರೆದದ್ದರಿಂದ, ಮುಂದೆ ಆ ಸಾಲುಗಳನ್ನು ಮುಟ್ಟುವವರಿಗೆ ಇಲ್ಲಿ ಒಮ್ಮೆ ಕಾಲು ಜಾರಿದೆ ಎಂಬುದು ತಿಳಿಯುತ್ತದೆ. ಅದು ಅವರಿಗೆ ಬೇಕಾಯಿತು ಕೂಡ. 2016ರ ತಿದ್ದುಪಡಿಯೂ ಪೂರ್ಣವಾಗಿರಲಿಲ್ಲ. ದೊಡ್ಡ ಗಾತ್ರದ ಪುಟಗಳನ್ನು ನಿಭಾಯಿಸುವ ಕಡೆ ಒಂದು ಸಂದು ಉಳಿದಿತ್ತೆಂದು 2017ರ ನವೆಂಬರ್‌ನಲ್ಲಿ ಬಯಲಾಯಿತು. ಮತ್ತೆ ಕೂತು ಅದನ್ನೂ ಮುಚ್ಚಿದರು.